ಮನೆಯಲ್ಲಿ ಮಾಡಿದ ತಿಂಡಿ, ಉಪ್ಪಿನಕಾಯಿ, ಕಾಫಿಪುಡಿ ಮಾರಲು ಏನೇನು ಬೇಕು? ಹಾಸನ, ಚಿಕ್ಕಮಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಆಲೂಗಡ್ಡೆ ಚಿಪ್ಸ್, ಹುಳಿಪುಡಿ, ಮನೆಯಲ್ಲೇ ಹುರಿದು ಬೀಸಿದ ಕಾಫಿಪುಡಿ. ನಮ್ಮ ಎರಡು ಜಿಲ್ಲೆಗಳಲ್ಲಿ ಮನೆಯಿಂದಲೇ ಮಾರುವವರಿಗೆ ಕೊರತೆ ಇಲ್ಲ. ಸ್ವಸಹಾಯ ಸಂಘದವರು, ಹೋಂಸ್ಟೇ ನಡೆಸುವವರು, ಕೆಲಸ ಬಿಟ್ಟು ಊರಿಗೆ ಬಂದವರು ಎಲ್ಲರೂ ಸುಮಾರಾಗಿ ಒಂದೇ ಥರದ ಪ್ರಶ್ನೆ ಕೇಳುತ್ತಾರೆ. ಎಲ್ಲರಿಗೂ ಮೊದಲ ಹೆದರಿಕೆ ಲೈಸೆನ್ಸ್‌ನದ್ದು. ನಿಜ ಹೇಳಬೇಕೆಂದರೆ ಅದೇ ಇದರಲ್ಲಿ ಸುಲಭದ ಕೆಲಸ. ಜನ ಎಡವುವುದು ಲೇಬಲ್‌ನಲ್ಲಿ, ಗ್ಯಾಸ್ ಸಿಲಿಂಡರ್‌ನಲ್ಲಿ, ವೈನ್ ಬಾಟಲಿಯಲ್ಲಿ.

ಅಂಗಡಿ ಇಲ್ಲ, ಬೋರ್ಡ್ ಇಲ್ಲ. ಗೊತ್ತಿದ್ದವರಿಗೆ ಮಾತ್ರ ಕೊಡುತ್ತೇನೆ. ನನಗೂ ನೋಂದಣಿ ಬೇಕಾ?

ದುಡ್ಡು ತಗೊಂಡು ಕೊಡುತ್ತೀರಾ? ಹಾಗಾದರೆ ಬೇಕು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2006ರಲ್ಲಿ ಬಂತು. ಅದರ ಲೈಸೆನ್ಸ್ ಮತ್ತು ನೋಂದಣಿ ನಿಯಮಗಳು 2011ರ ಆಗಸ್ಟ್ 5ರಿಂದ ಜಾರಿಯಲ್ಲಿವೆ. ಅಂಗಡಿಯಲ್ಲಿ ಮಾಡಿದ್ದು, ಮನೆಯ ಒಲೆ ಮೇಲೆ ಮಾಡಿದ್ದು ಎಂಬ ಭೇದ ಅದರಲ್ಲಿಲ್ಲ. ಲಾಭ ಬರಲಿ ಬಿಡಲಿ, ಆಹಾರ ತಯಾರಿಸುವುದು, ಇಟ್ಟುಕೊಳ್ಳುವುದು, ಸಾಗಿಸುವುದು, ಮಾರುವುದು ಎಲ್ಲವೂ 'ಆಹಾರ ವ್ಯಾಪಾರ'.

ವಾಟ್ಸಾಪ್ ಸ್ಟೇಟಸ್‌ನಲ್ಲಿ 'ನಾಳೆ ಹೋಳಿಗೆ ಸಿಗುತ್ತೆ' ಅಂತ ಹಾಕಿ ಆರ್ಡರ್ ತಗೊಂಡರೂ ಅಷ್ಟೇ. ಮಗಳ ಮನೆಗೆ ಡಬ್ಬಿ ತುಂಬಿ ಕಳಿಸುವುದಕ್ಕೆ, ಗೌರಿ ಹಬ್ಬಕ್ಕೆ ಬೀದಿಯವರಿಗೆ ಹಂಚುವುದಕ್ಕೆ ಯಾರೂ ಕಾಗದ ಕೇಳುವುದಿಲ್ಲ.

ಯೂಟ್ಯೂಬ್‌ನಲ್ಲಿ ಮನೆ ಅಡುಗೆಗೆ ಲೈಸೆನ್ಸ್ ಬೇಡ ಅಂತಾರಲ್ಲ?

ಆ ವಿಡಿಯೋ ಅಮೆರಿಕದ್ದಾಗಿರಬಹುದು. ಅಲ್ಲಿ 'ಕಾಟೇಜ್ ಫುಡ್' ಕಾನೂನು ಅಂತ ಇದೆ, ಒಂದೊಂದು ರಾಜ್ಯಕ್ಕೆ ಒಂದೊಂದು ಥರ. ಕ್ಯಾಲಿಫೋರ್ನಿಯಾ 2012ರಲ್ಲಿ ಅಂಥ ಕಾನೂನು ಮಾಡಿತು. ಬೇಗ ಕೆಡದ ಬ್ರೆಡ್, ಜಾಮ್, ಒಣ ತಿಂಡಿಗಳ ಪಟ್ಟಿ ಇಟ್ಟು, ಅವನ್ನು ಮನೆಯಲ್ಲೇ ಮಾಡಿ ಮಾರಬಹುದು ಎಂದಿತು. ಲೇಬಲ್ ಮೇಲೆ ಇದು ಮನೆಯ ಅಡುಗೆಕೋಣೆಯಲ್ಲಿ ತಯಾರಾದದ್ದು ಎಂದು ಬರೆಯಲೇಬೇಕು. ವಯೋಮಿಂಗ್ 2015ರಲ್ಲಿ ಇನ್ನೂ ಸಡಿಲ ಮಾಡಿತು.

ನಮ್ಮಲ್ಲಿ ಆ ಥರದ ಪಟ್ಟಿ ಇಲ್ಲ. ಚಕ್ಕುಲಿ ಇರಲಿ, ಚಿಕನ್ ಪಲ್ಯ ಇರಲಿ, ದಾರಿ ಒಂದೇ. ಒಂದು ಲೆಕ್ಕದಲ್ಲಿ ಇದು ಒಳ್ಳೆಯದೇ. ಅಲ್ಲಿ ಪಟ್ಟಿ ಇಟ್ಟ ರಾಜ್ಯಗಳಲ್ಲಿ, ಪಟ್ಟಿಯಲ್ಲಿ ಇಲ್ಲದ್ದನ್ನು ಈ ಕಾನೂನಿನಡಿ ಮನೆಯಿಂದ ಮಾರುವ ಹಾಗಿಲ್ಲ. ಇಲ್ಲಿ ನೋಂದಣಿ ಮಾಡಿಸಿಕೊಂಡರೆ ಊಟದ ಡಬ್ಬಿಯನ್ನೂ ಕೊಡಬಹುದು.

ನೋಂದಣಿ ಬೇರೆ, ಲೈಸೆನ್ಸ್ ಬೇರೆಯಾ?

ಬೇರೆ. ವರ್ಷದ ವಹಿವಾಟು ನಿಗದಿತ ಮಿತಿ ಮೀರದ ಸಣ್ಣವರಿಗೆ ನೋಂದಣಿ ಸಾಕು. ಈ ಮಿತಿ ಬಹುಕಾಲ 12 ಲಕ್ಷ ರೂಪಾಯಿ ಇತ್ತು. ಅದರ ಮೇಲೆ ರಾಜ್ಯದ ಲೈಸೆನ್ಸ್, ತೀರಾ ದೊಡ್ಡ ವಹಿವಾಟಾದರೆ ಕೇಂದ್ರದ್ದು. ವಹಿವಾಟು ಅಂದರೆ ಒಟ್ಟು ಮಾರಾಟ, ಕೈಯಲ್ಲಿ ಉಳಿದ ಲಾಭ ಅಲ್ಲ. ಇದನ್ನು ತಪ್ಪು ತಿಳಿದುಕೊಳ್ಳುವವರು ಜಾಸ್ತಿ. ಸಣ್ಣ ತಯಾರಕರಿಗೆ ದಿನಕ್ಕೆ 100 ಕಿಲೋ ಅಥವಾ ಲೀಟರ್ ಎಂಬ ಪ್ರಮಾಣದ ಅಳತೆಯೂ ನಿಯಮದಲ್ಲಿದೆ.

ಈ ಮಿತಿ, ಶುಲ್ಕ, ಅವಧಿಗಳು ಆಗಾಗ ತಿದ್ದುಪಡಿಯಾಗುತ್ತವೆ. ನೀವು ಅರ್ಜಿ ಹಾಕುವ ದಿನ ಸರ್ಕಾರದ ಪೋರ್ಟಲ್‌ನಲ್ಲಿ ಯಾವ ಅಂಕಿ ಕಾಣುತ್ತದೋ ಅದೇ ಕೊನೆಯ ಮಾತು.

ನೋಂದಣಿಗೆ ಎಷ್ಟು ಖರ್ಚು? ಎಲ್ಲಿ ಹೋಗಬೇಕು?

ವರ್ಷಕ್ಕೆ 100 ರೂಪಾಯಿ. ಅರ್ಜಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 'ಫಾಸ್ಕಾಸ್' ಪೋರ್ಟಲ್‌ನಲ್ಲಿ, ನಮೂನೆ ಎ. ಒಂದು ಫೋಟೋ, ಗುರುತಿನ ಚೀಟಿ, ವಿಳಾಸ, ಏನು ತಯಾರಿಸುತ್ತೀರಿ ಎಂಬ ವಿವರ. ಮುಗೀತು. ನೀವೇ ಮೊಬೈಲ್‌ನಲ್ಲಿ ತುಂಬಬಹುದು. ಆಗದಿದ್ದರೆ ಹತ್ತಿರದ ಸೇವಾ ಕೇಂದ್ರದಲ್ಲಿ ತುಂಬಿಸಿ.

ಹುಡುಕಿದಾಗ ಮೊದಲು ಕಾಣುವ ಎಷ್ಟೋ ವೆಬ್‌ಸೈಟುಗಳು ಖಾಸಗಿ ಏಜೆಂಟರದ್ದು. ನೋಡಲು ಥೇಟ್ ಸರ್ಕಾರಿ ಸೈಟಿನ ಹಾಗೇ ಇರುತ್ತವೆ. ಅಲ್ಲಿ ಎರಡು ಮೂರು ಸಾವಿರ ಕೇಳಿದರೆ ಗಾಬರಿಯಾಗಬೇಡಿ, ಸುಮ್ನೆ ಮುಚ್ಚಿಬಿಡಿ. ವಿಳಾಸದ ಕೊನೆಯಲ್ಲಿ ಸರ್ಕಾರದ 'ಜಿಒವಿ ಡಾಟ್ ಇನ್' ಇದೆಯಾ ನೋಡಿಕೊಳ್ಳಿ.

ಅರ್ಜಿ ಕೊಟ್ಟ 7 ದಿನದೊಳಗೆ ಅಧಿಕಾರಿ ನೋಂದಣಿ ಕೊಡಬೇಕು, ಇಲ್ಲವೇ ಕಾರಣ ಬರೆದು ತಿರಸ್ಕರಿಸಬೇಕು, ಇಲ್ಲವೇ ತಪಾಸಣೆಗೆ ನೋಟಿಸ್ ಕೊಡಬೇಕು. ಈ ಮೂರೂ ಆಗದಿದ್ದರೆ, ಅಥವಾ 30 ದಿನದಲ್ಲಿ ಯಾವ ತೀರ್ಮಾನವನ್ನೂ ತಿಳಿಸದಿದ್ದರೆ ವ್ಯಾಪಾರ ಶುರು ಮಾಡಬಹುದು ಎಂದು 2011ರ ನಿಯಮವೇ ಹೇಳುತ್ತದೆ. ಅರ್ಜಿ ಹಾಕಿದ ರಸೀದಿಯನ್ನು ಮಾತ್ರ ಜೋಪಾನವಾಗಿಡಿ. ನೋಂದಣಿ ಆದಾಗ 14 ಅಂಕಿಯ ಸಂಖ್ಯೆ ಸಿಗುತ್ತದೆ.

ಅಧಿಕಾರಿಗಳು ನಮ್ಮ ಅಡುಗೆಮನೆಗೆ ಬರುತ್ತಾರಾ? ಏನು ನೋಡುತ್ತಾರೆ?

ಬರಬಹುದು. ತಾಲ್ಲೂಕು ಮಟ್ಟದಲ್ಲಿ ಆಹಾರ ಸುರಕ್ಷತಾ ಅಧಿಕಾರಿ, ಜಿಲ್ಲೆಗೆ ಅಂಕಿತಾಧಿಕಾರಿ ಇರುತ್ತಾರೆ. ಗ್ರಾನೈಟ್ ಕಟ್ಟೆ ಇದೆಯಾ, ಚಿಮಣಿ ಇದೆಯಾ ಅಂತ ಅವರೇನೂ ಕೇಳುವುದಿಲ್ಲ. ನಿಯಮಗಳ ನಾಲ್ಕನೇ ಅನುಸೂಚಿಯಲ್ಲಿ ಸಣ್ಣವರಿಗೆ ಇರುವ ಶುಚಿತ್ವದ ಪಟ್ಟಿ ನಮ್ಮ ಅಜ್ಜಿಯಂದಿರು ಹೇಳುತ್ತಿದ್ದದ್ದೇ. ಕುಡಿಯಲು ಯೋಗ್ಯವಾದ ನೀರು, ಮುಚ್ಚಿದ ಕಸದ ಡಬ್ಬಿ, ಶುದ್ಧ ಪಾತ್ರೆ, ಇಲಿ ನೊಣ ಬಾರದ ಹಾಗೆ ವ್ಯವಸ್ಥೆ, ಕೈ ತೊಳೆಯಲು ಸೋಪು. ಹಸಿ ಮಾಂಸ ಮತ್ತು ಬೆಂದ ಅಡುಗೆ ಬೇರೆ ಬೇರೆ. ಅಡುಗೆ ಮಾಡುವವರಿಗೆ ಅಂಟುರೋಗ ಇರಬಾರದು.

ಮಲೆನಾಡಿನ ಮನೆಗಳಲ್ಲಿ ಮುಖ್ಯವಾಗಿ ನೀರನ್ನು ಗಮನಿಸಿ. ಕೊಪ್ಪ, ಶೃಂಗೇರಿ, ಮೂಡಿಗೆರೆ ಕಡೆ ಎಷ್ಟೋ ಮನೆಗೆ ಗುಡ್ಡದಿಂದ ಪೈಪಿನಲ್ಲಿ ಬರುವ ನೀರೇ ಗತಿ. ರುಚಿ ಚೆನ್ನಾಗಿದೆ ಎನ್ನುವುದು ಶುದ್ಧ ಎನ್ನುವುದಕ್ಕೆ ಸಾಕ್ಷಿಯಾಗುವುದಿಲ್ಲ. ಮಳೆಗಾಲದಲ್ಲಂತೂ ಮಣ್ಣು, ಸಗಣಿ ಎಲ್ಲ ಸೇರಿ ಬರುತ್ತದೆ. ಒಮ್ಮೆ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಂಡರೆ ಅಧಿಕಾರಿ ಕೇಳಿದಾಗ ಮಾತು ಸುಲಭ. ಉಪ್ಪಿನಕಾಯಿಗೆ ಕುದಿಸಿ ಆರಿಸಿದ ನೀರು ಹಾಕುವ ಹಳೆಯ ಪದ್ಧತಿಯನ್ನು ಯಾವ ಕಾರಣಕ್ಕೂ ಬಿಡಬೇಡಿ.

ಕೊರತೆ ಕಂಡರೆ ಮೊದಲು ಸುಧಾರಣೆಯ ನೋಟಿಸ್ ಕೊಡಬಹುದು. ಸರಿಪಡಿಸಿಕೊಳ್ಳಲು ಕನಿಷ್ಠ 14 ದಿನ ಕೊಡಬೇಕೆಂದು 32ನೇ ಕಲಂ ಹೇಳುತ್ತದೆ. ಮಾದರಿ ತೆಗೆದುಕೊಂಡು ಹೋದರೆ ಅದರ ಬೆಲೆಯನ್ನು ಅವರು ನಿಮಗೆ ಕೊಡಬೇಕು. ಸಂಕೋಚ ಪಡದೆ ಕೇಳಿ.

ನಾವು ರೈತರು. ನಮ್ಮ ತೋಟದ್ದನ್ನು ಮಾರಲು ನೋಂದಣಿ ಯಾಕೆ?

ಬೆಳೆದದ್ದನ್ನು ಬೆಳೆದ ಹಾಗೇ ಮಾರಲು ಬೇಡ. ತೋಟದ ಮಟ್ಟದಲ್ಲಿ ರೈತನ ಬೆಳೆಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು 18ನೇ ಕಲಮಿನಲ್ಲೇ ಇದೆ. ಕಾಳುಮೆಣಸು, ಏಲಕ್ಕಿ, ತೆಂಗಿನಕಾಯಿ, ಆಲೂಗಡ್ಡೆಯನ್ನು ನೀವು ಧಾರಾಳವಾಗಿ ಮಾರಿ. ಅದೇ ಮೆಣಸನ್ನು ಪುಡಿ ಮಾಡಿ ಪ್ಯಾಕೆಟ್ ಕಟ್ಟಿದಾಗ, ಆಲೂಗಡ್ಡೆಯನ್ನು ಚಿಪ್ಸ್ ಮಾಡಿದಾಗ ನೀವು ತಯಾರಕರು. ಆಗ ನೋಂದಣಿ ಬೇಕು.

ನಮ್ಮ ಕಾಫಿಬೀಜ ಹುರಿದು ಪುಡಿ ಮಾಡಿ ಮಾರುತ್ತೇವೆ. ಚಿಕೋರಿ ಎಷ್ಟು ಸೇರಿಸಬಹುದು?

ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಶೇಕಡಾ ಇರಲೇಬೇಕು. ಪ್ಯಾಕೆಟ್ ಮೇಲೆ ಕಾಫಿ ಇಷ್ಟು, ಚಿಕೋರಿ ಇಷ್ಟು ಎಂದು ಎರಡನ್ನೂ ಬರೆಯಬೇಕು. ಚಿಕೋರಿ ಸೇರಿಸಿ 'ಶುದ್ಧ ಕಾಫಿ' ಅಂತ ಬರೆದರೆ ಅದು ತಪ್ಪು ಲೇಬಲ್. ಮುಳ್ಳಯ್ಯನಗಿರಿ ನೋಡಲು ಬಂದ ಪ್ರವಾಸಿ ಚಿಕ್ಕಮಗಳೂರಿನ ಹೆಸರು ನೋಡಿಯೇ ಪ್ಯಾಕೆಟ್ ಕೊಳ್ಳುತ್ತಾನೆ. ಅವನಿಗೆ ಚಿಕೋರಿ ಹೆಚ್ಚು ಕಾಫಿ ಕಡಿಮೆ ಕುಡಿಸಿ ಕಳಿಸುವುದು ಇಡೀ ಊರಿಗೆ ಮಾಡುವ ಅನ್ಯಾಯ ಅಂತ ನನ್ನ ಅಭಿಪ್ರಾಯ.

ಲೇಬಲ್ ಮೇಲೆ ಏನೇನು ಬರೆಯಬೇಕು?

ಈ ಉತ್ತರ ಸ್ವಲ್ಪ ಉದ್ದ. ಮುಂಚೆಯೇ ಪ್ಯಾಕ್ ಮಾಡಿಟ್ಟು ಮಾರುವ ಎಲ್ಲಕ್ಕೂ ಲೇಬಲ್ ನಿಯಮ ಅನ್ವಯ. ಗಿರಾಕಿ ಎದುರಿಗೇ ಡಬ್ಬದಿಂದ ತೆಗೆದು ತೂಗಿ ಕೊಡುವುದಕ್ಕೆ ಈ ಪಟ್ಟಿ ಇಲ್ಲ. ಆದರೆ ಬಿಡಿಯಾಗಿ ಸಿಹಿ ಮಾರುವ ಅಂಗಡಿಯಲ್ಲಿ ಎಂದಿನವರೆಗೆ ತಿನ್ನಬಹುದು ಎಂಬ ದಿನಾಂಕ ತೋರಿಸಬೇಕು ಎಂದು 2020ರ ಅಕ್ಟೋಬರ್ 1ರಿಂದ ಆದೇಶ ಇದೆ.

ಪ್ಯಾಕೆಟ್ ಮೇಲೆ ತಿಂಡಿಯ ಹೆಸರು, ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ತಯಾರಿಸಿದ ದಿನ, ಬಳಸಬೇಕಾದ ಕೊನೆಯ ದಿನ, ಬ್ಯಾಚ್ ನಂಬರ್, ತಯಾರಕರ ಪೂರ್ತಿ ವಿಳಾಸ, ಎಫ್‌ಎಸ್‌ಎಸ್‌ಎಐ ಲಾಂಛನ ಮತ್ತು 14 ಅಂಕಿಯ ಸಂಖ್ಯೆ. ಪದಾರ್ಥಗಳನ್ನು ತೂಕದಲ್ಲಿ ಜಾಸ್ತಿ ಇರುವುದರಿಂದ ಕಡಿಮೆ ಇರುವುದರ ಕಡೆಗೆ ಬರೆಯಬೇಕು. ನಿಪ್ಪಟ್ಟಿನಲ್ಲಿ ಅಕ್ಕಿಹಿಟ್ಟು ಮೊದಲು, ಇಂಗು ಕೊನೆಗೆ. ಸಸ್ಯಾಹಾರಕ್ಕೆ ಹಸಿರು ಚೌಕದೊಳಗೆ ಹಸಿರು ಚುಕ್ಕೆ, ಮಾಂಸಾಹಾರಕ್ಕೆ ಕಂದು ಚೌಕದೊಳಗೆ ಕಂದು ತ್ರಿಕೋನ. ಕಡಲೆಕಾಯಿ, ಗೋಡಂಬಿ, ಗೋಧಿ, ಹಾಲು, ಸೋಯಾ ಇದ್ದರೆ ಅಲರ್ಜಿಯ ಸೂಚನೆ ಬೇಕು. ಕೆಲವು ಪದಾರ್ಥಗಳಿಗೆ ವಿನಾಯಿತಿ ಬಿಟ್ಟರೆ ಪೋಷಕಾಂಶದ ವಿವರವನ್ನೂ ಕೇಳುತ್ತಾರೆ.

ಭಾಷೆಯ ವಿಷಯ. ಕೇಂದ್ರದ ನಿಯಮದಂತೆ ವಿವರಗಳು ಇಂಗ್ಲಿಷ್ ಅಥವಾ ದೇವನಾಗರಿಯ ಹಿಂದಿಯಲ್ಲಿ ಇರಬೇಕು, ಜೊತೆಗೆ ಬೇರೆ ಭಾಷೆ ಬಳಸಬಹುದು. ನಮ್ಮ ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಇಲ್ಲಿ ತಯಾರಾಗಿ ಇಲ್ಲೇ ಮಾರುವ ಸರಕಿನ ಮೇಲೆ ಕನ್ನಡದಲ್ಲೂ ಹೆಸರು, ವಿವರ ಇರಬೇಕು ಎನ್ನುತ್ತದೆ. ಅಂದರೆ ಎರಡೂ ಬೇಕು. ಬರೀ ಕನ್ನಡದ ಚೀಟಿ ಅಂಟಿಸಿದವರು ಇಲ್ಲಿ ಸಿಕ್ಕಿಬೀಳುತ್ತಾರೆ, ಬರೀ ಇಂಗ್ಲಿಷ್‌ನವರೂ ಅಷ್ಟೇ.

ತೂಕ, ಬೆಲೆಯ ವಿಷಯ ಕಾನೂನು ಮಾಪನಶಾಸ್ತ್ರ ಇಲಾಖೆಯದ್ದು. ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ಗ್ರಾಮಿಗೆ ಎಷ್ಟು ಬಿತ್ತು ಎಂಬ ದರ, ದೂರು ಹೇಳಲು ಫೋನ್ ನಂಬರ್ ಬೇಕು. 250 ಗ್ರಾಂ ಉಪ್ಪಿನಕಾಯಿ 200 ರೂಪಾಯಿ ಆದರೆ ಗ್ರಾಮಿಗೆ 80 ಪೈಸೆ ಎಂದು ಬರೆಯಿರಿ. ಪ್ಯಾಕ್ ಮಾಡಿ ಮಾರುವವರು ಶುರು ಮಾಡಿದ 90 ದಿನದೊಳಗೆ ಆ ಇಲಾಖೆಯಲ್ಲೂ ಹೆಸರು ನೋಂದಾಯಿಸಬೇಕು. ಶುಲ್ಕ 500 ರೂಪಾಯಿ. ತಕ್ಕಡಿಗೆ ಇಲಾಖೆಯ ಮುದ್ರೆ ಬೇಕು. ಆನ್‌ಲೈನ್‌ನಲ್ಲಿ ತರಿಸಿದ ಅಡುಗೆಮನೆ ತಕ್ಕಡಿಯಲ್ಲಿ ತೂಗಿ ಮಾರುವ ಹಾಗಿಲ್ಲ.

ಮನೆಯ ವಿಳಾಸ ಹಾಕಲು ಹೆಂಗಸರಿಗೆ ಮುಜುಗರ. ಅರ್ಥವಾಗುತ್ತದೆ. ಆದರೆ ನೋಂದಣಿಯಲ್ಲಿರುವ ವಿಳಾಸವನ್ನೇ ಹಾಕಬೇಕು. ಫೋನಿಗೆ ಬೇಕಾದರೆ ವ್ಯಾಪಾರಕ್ಕೆಂದೇ ಬೇರೆ ಸಿಮ್ ಇಟ್ಟುಕೊಳ್ಳಿ.

ಕೊನೆಯ ದಿನಾಂಕ ಹೇಗೆ ನಿರ್ಧರಿಸುವುದು?

ಪಕ್ಕದ ಬ್ರಾಂಡಿನ ಪ್ಯಾಕೆಟ್ ನೋಡಿ ನಕಲು ಮಾಡಬೇಡಿ. ಅವರ ಪ್ಯಾಕಿಂಗ್ ಬೇರೆ, ನಿಮ್ಮದು ಬೇರೆ. ಹಾಸನದ ಬೇಸಿಗೆಯಲ್ಲಿ ತಿಂಗಳು ಗರಿಗರಿ ಇರುವ ಚಕ್ಕುಲಿ ಆಗುಂಬೆ ಬದಿಯ ಜುಲೈ ಮಳೆಯಲ್ಲಿ ವಾರಕ್ಕೇ ಮೆತ್ತಗಾಗುತ್ತದೆ. ಹಪ್ಪಳಕ್ಕೆ ಬೂಷ್ಟು ಹಿಡಿಯುತ್ತದೆ. ಒಂದು ಬ್ಯಾಚಿನ ಕೆಲವು ಪ್ಯಾಕೆಟ್ ಮಳೆಗಾಲದಲ್ಲೇ ಮನೆಯಲ್ಲಿ ಇಟ್ಟು ನೋಡಿ. ಎಲ್ಲಿ ಕೆಡಲು ಶುರುವಾಯಿತೋ ಅದಕ್ಕಿಂತ ಸಾಕಷ್ಟು ಮೊದಲಿನ ದಿನ ಹಾಕಿ. ವ್ಯಾಪಾರ ದೊಡ್ಡದಾದ ಮೇಲೆ ಪ್ರಯೋಗಾಲಯದ ಪರೀಕ್ಷೆಯೇ ಸರಿ.

'ಹೋಮ್ ಮೇಡ್' ಅಂತ ಬರೆಯಬಹುದಾ? 'ಶುಗರ್‌ಗೆ ಒಳ್ಳೆಯದು' ಅಂತ?

2018ರ ಆಹಾರ ಜಾಹೀರಾತು ಮತ್ತು ಹೇಳಿಕೆಗಳ ನಿಯಮ 'ಹೋಮ್ ಮೇಡ್', 'ಹೋಮ್ ಕುಕ್ಡ್' ಮುಂತಾದ ಮಾತುಗಳನ್ನು ಗಿರಾಕಿಗೆ ತಪ್ಪು ಅಭಿಪ್ರಾಯ ಕೊಡುವಂತೆ ಬಳಸಬಾರದು ಎನ್ನುತ್ತದೆ. ನಿಜವಾಗಿ ಮನೆಯಲ್ಲೇ ಮಾಡಿದರೆ ವಾದಕ್ಕೆ ನಿಮಗೆ ಜಾಗ ಇದೆ. ಕಾರ್ಖಾನೆಯಿಂದ ಕಿಲೋ ಲೆಕ್ಕದಲ್ಲಿ ತಂದ ಚಾಕೊಲೇಟಿಗೆ 'ಹೋಮ್ ಮೇಡ್' ಚೀಟಿ ಅಂಟಿಸಿದರೆ ಇಲ್ಲ. ಪ್ರವಾಸಿ ಊರುಗಳಲ್ಲಿ ಈ ಕೊನೆಯದ್ದೇ ಜಾಸ್ತಿ ಅಲ್ವಾ? ನನ್ನ ಸಲಹೆ: ಆ ಪದ ಬಿಟ್ಟು ಊರಿನ ಹೆಸರು, ಮಾಡುವ ವಿಧಾನ ಬರೆಯಿರಿ.

'ಶುಗರ್ ಇಳಿಯುತ್ತೆ', 'ಮಂಡಿನೋವು ಹೋಗುತ್ತೆ' ಮುಂತಾದ್ದನ್ನು ಲೇಬಲ್‌ನಲ್ಲೂ ಬೇಡ, ವಾಟ್ಸಾಪಿನಲ್ಲೂ ಬೇಡ. ದಾರಿತಪ್ಪಿಸುವ ಜಾಹೀರಾತಿಗೆ 53ನೇ ಕಲಂ ಪ್ರಕಾರ 10 ಲಕ್ಷ ರೂಪಾಯಿವರೆಗೆ ದಂಡ ಇದೆ.

ಸಾವಯವ ಅಂತ ಬರೆಯಲು ಸರ್ಟಿಫಿಕೇಟ್ ಬೇಕಾ?

ವರ್ಷಕ್ಕೆ 12 ಲಕ್ಷದೊಳಗೆ ವಹಿವಾಟು ಇರುವ ಸಣ್ಣ ಸಾವಯವ ಬೆಳೆಗಾರರು ಬಳಸುವವರಿಗೇ ನೇರವಾಗಿ ಮಾರಿದರೆ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಆದರೆ ಸಾವಯವ ಆಹಾರದ ಸರ್ಕಾರಿ ಗುರುತಾದ 'ಜೈವಿಕ್ ಭಾರತ್' ಲಾಂಛನ ಹಾಕುವ ಹಾಗಿಲ್ಲ.

ಮನೆಯಲ್ಲಿ ಮಾಡಿದ ವೈನ್ ಮಾರಬಹುದಾ?

ಇಲ್ಲ. ರಸ್ತೆ ಬದಿಯ ಎಷ್ಟು ಅಂಗಡಿಯಲ್ಲಿ ಇಟ್ಟಿದ್ದರೂ ಇಲ್ಲ. ದ್ರಾಕ್ಷಿಯದ್ದಿರಲಿ, ಶುಂಠಿಯದ್ದಿರಲಿ, ಕಾಫಿ ಹಣ್ಣಿನದ್ದಿರಲಿ, ಹುದುಗಿಸಿ ಮದ್ಯಸಾರ ಬಂದ ಮೇಲೆ ಅದು ಕರ್ನಾಟಕ ಅಬಕಾರಿ ಕಾಯ್ದೆ 1965ರ ಕೆಳಗೆ ಬರುತ್ತದೆ. ತಯಾರಿಗೂ ಮಾರಾಟಕ್ಕೂ ಅಬಕಾರಿ ಪರವಾನಗಿ ಬೇಕು. 100 ರೂಪಾಯಿಯ ಆಹಾರ ನೋಂದಣಿ ತೋರಿಸಿದರೆ ಅಬಕಾರಿಯವರು ಒಪ್ಪುವುದಿಲ್ಲ. ಹೋಂಸ್ಟೇ ಅತಿಥಿಗೆ ಬಾಟಲಿ ಮಾರಿ ಕೇಸ್ ಹಾಕಿಸಿಕೊಳ್ಳುವುದಕ್ಕಿಂತ ಕೋಕಂ ಶರಬತ್ತು, ನೆಲ್ಲಿಕಾಯಿ ಶರಬತ್ತು ಮಾರಿ. ಅದಕ್ಕೂ ಗಿರಾಕಿ ಇದ್ದಾರೆ.

ಅರಸೀಕೆರೆ ಕಡೆಯವರು ನಾವು. ಗಾಣದ ಕೊಬ್ಬರಿ ಎಣ್ಣೆಯನ್ನು ಬಿಡಿಯಾಗಿ ಅಳೆದು ಕೊಡಬಹುದಾ?

ಅಡುಗೆಗೆ ಬಳಸುವ ಎಣ್ಣೆಯನ್ನು ಪ್ಯಾಕ್ ಮಾಡದೆ, ಲೇಬಲ್ ಇಲ್ಲದೆ ಮಾರುವಂತಿಲ್ಲ ಎಂದು ನಿಯಮ ಇದೆ. ಕಲಬೆರಕೆ ಸುಲಭ ಎಂಬ ಕಾರಣಕ್ಕೆ. ಬಾಟಲಿಗೆ ತುಂಬಿ, ಮುಚ್ಚಿ, ಲೇಬಲ್ ಹಚ್ಚಿ ಮಾರಿ.

ಚಿಪ್ಸ್, ಚಕ್ಕುಲಿ ಕರಿಯುವಾಗ ಏನು ಗಮನಿಸಬೇಕು?

ಎಣ್ಣೆ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ, ಅದು ಎಷ್ಟು ಕೆಟ್ಟಿದೆ ಎಂದು ತೋರಿಸುವ 'ಒಟ್ಟು ಧ್ರುವೀಯ ಸಂಯುಕ್ತ' ಶೇ. 25 ಮೀರಬಾರದು ಎಂದು 2018ರ ಜುಲೈನಿಂದ ಮಿತಿ ಇದೆ. ಮನೆಯಲ್ಲಿ ಅಳೆಯಲು ಯಂತ್ರ ಯಾರ ಹತ್ತಿರ ಇರುತ್ತದೆ? ಬಣ್ಣ ಕಪ್ಪಾಗಿ, ನೊರೆ ಬಂದು, ಕಮಟು ವಾಸನೆ ಹೊಡೆದರೆ ಅದನ್ನು ಚೆಲ್ಲುವುದೇ ಸರಿ. ಹಳೆ ಎಣ್ಣೆಗೆ ಹೊಸದನ್ನು ಸೇರಿಸುತ್ತಾ ಹೋಗುವ ಅಭ್ಯಾಸ ಬಿಡಿ.

ಬಣ್ಣದ ವಿಷಯದಲ್ಲಿ ನಮ್ಮ ರಾಜ್ಯ ಈಗ ಬಿಗಿಯಾಗಿದೆ. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ, ಬಾಂಬೆ ಮಿಠಾಯಿಗೆ ರೋಡಮಿನ್-ಬಿ ನಿಷೇಧವಾಯಿತು. ಜೂನ್‌ನಲ್ಲಿ ಕಬಾಬಿಗೂ ಕೃತಕ ಬಣ್ಣ ನಿಷೇಧ ಬಂತು. ಹೋಂಸ್ಟೇಗಳು ಸಂಜೆ ಬೆಂಕಿ ಹಾಕಿ ಕೊಡುವ ಕೆಂಪು ಕಬಾಬೂ ಇದರಲ್ಲಿ ಸೇರಿತು. ಬ್ಯಾಡಗಿ ಮೆಣಸಿನಕಾಯಿ ಇರುವಾಗ ಪುಡಿ ಬಣ್ಣದ ಹಂಗು ಯಾಕೆ?

ಇನ್ನು ಕರಿದದ್ದನ್ನು ನ್ಯೂಸ್‌ಪೇಪರ್ ಮೇಲೆ ಹರಡುವುದು, ಅದರಲ್ಲೇ ಕಟ್ಟಿ ಕೊಡುವುದು ನಿಷಿದ್ಧ. 2018ರ ಪ್ಯಾಕೇಜಿಂಗ್ ನಿಯಮದಲ್ಲೇ ಇದೆ. ಬಾಳೆಲೆ ಇದೆಯಲ್ಲ.

ಹೋಂಸ್ಟೇ ನಡೆಸುತ್ತೇವೆ. ಅತಿಥಿಗಳಿಗೆ ಮಾತ್ರ ಊಟ. ಅದಕ್ಕೂ ಬೇಕಾ?

ಬೇಕು. ದುಡ್ಡು ಕೊಟ್ಟು ಉಳಿದವರಿಗೆ ಅಕ್ಕಿರೊಟ್ಟಿ, ಕಡುಬು ಬಡಿಸುವುದೂ ಆಹಾರ ವ್ಯಾಪಾರವೇ, ಊಟದ ಬಿಲ್ ಬೇರೆ ಹಾಕದಿದ್ದರೂ ಕೂಡ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಬೇರೆ, ಇದು ಬೇರೆ. ಒಂದು ಇದ್ದರೆ ಇನ್ನೊಂದು ಬೇಡ ಎಂದುಕೊಂಡವರು ಬಹಳ. ಮಳೆಗಾಲದಲ್ಲಿ ಕಾಡಿನಿಂದ ತಂದ ಅಣಬೆ ಬಡಿಸುವವರು, ದಯವಿಟ್ಟು ಮನೆಯಲ್ಲಿ ತಲೆತಲಾಂತರದಿಂದ ತಿಂದು ಗೊತ್ತಿರುವ ಜಾತಿಯನ್ನು ಬಿಟ್ಟು ಬೇರೆ ಮುಟ್ಟಬೇಡಿ.

ಜಾತ್ರೆಯಲ್ಲಿ ಎರಡು ದಿನ ಮಳಿಗೆ ಹಾಕುತ್ತೇವೆ. ದೇವಸ್ಥಾನದಲ್ಲಿ ಪ್ರಸಾದ ಹಂಚುತ್ತೇವೆ.

ತಾತ್ಕಾಲಿಕ ಮಳಿಗೆಯವರೂ ನೋಂದಣಿಯ ವ್ಯಾಪ್ತಿಯಲ್ಲೇ ಇದ್ದಾರೆ. ಹಾಸನಾಂಬೆ ದರ್ಶನದ ಸಮಯವಾಗಲಿ, ಬೇಲೂರಿನ ರಥೋತ್ಸವವಾಗಲಿ. ಧಾರ್ಮಿಕ, ಸಾಮಾಜಿಕ ಕಾರ್ಯಕ್ರಮದಲ್ಲಿ ಆಹಾರ ಹಂಚುವವರನ್ನೂ ನಿಯಮ 'ಸಣ್ಣ ತಯಾರಕ' ಎಂಬ ಪಟ್ಟಿಗೆ ಸೇರಿಸಿದೆ. ಅಡುಗೆ ಕಾಂಟ್ರಾಕ್ಟ್ ಹಿಡಿದ ಕೇಟರಿಂಗ್‌ನವರು ಈ ಪಟ್ಟಿಯಲ್ಲಿಲ್ಲ.

ಮನೆಯ ಗ್ಯಾಸ್ ಸಿಲಿಂಡರ್ ಬಳಸಬಹುದಾ?

14.2 ಕಿಲೋ ಸಿಲಿಂಡರ್ ಮನೆಯ ಅಡುಗೆಗೆ ಮಾತ್ರ ಎಂದು 2000ನೇ ಇಸವಿಯ ಎಲ್‌ಪಿಜಿ ಆದೇಶ ಹೇಳುತ್ತದೆ. ಮಾರಾಟದ ಅಡುಗೆಗೆ 19 ಕಿಲೋದ ವಾಣಿಜ್ಯ ಸಿಲಿಂಡರ್ ಬೇಕು. ಇದು ಯಾರಿಗೂ ಇಷ್ಟವಾಗದ ಉತ್ತರ ಅಂತ ಗೊತ್ತು. ದಿನಕ್ಕೆ ಎರಡು ಕಿಲೋ ಹಪ್ಪಳ ಮಾಡುವವರಿಗೆ ಇದು ಹೊರೆಯೇ. ಆದರೂ ಕಾನೂನು ಹಾಗಿದೆ, ಬೆಂಕಿ ಅನಾಹುತ ಆದರೆ ವಿಮೆಯ ಮಾತು ಇಲ್ಲಿಂದಲೇ ಶುರುವಾಗುತ್ತದೆ. ಕರೆಂಟಿನ ವಿಷಯವೂ ಕೇಳಿಕೊಳ್ಳಿ. ದೊಡ್ಡ ಗ್ರೈಂಡರ್, ರೋಸ್ಟರ್ ಕೂರಿಸುವ ಮೊದಲು ಹಾಸನದವರು ಸೆಸ್ಕ್‌ನಲ್ಲಿ, ಚಿಕ್ಕಮಗಳೂರಿನವರು ಮೆಸ್ಕಾಂನಲ್ಲಿ ಮೀಟರಿನ ವರ್ಗ ಯಾವುದು ಎಂದು ವಿಚಾರಿಸಿ. ವ್ಯಾಪಾರ ಪರವಾನಗಿಯನ್ನು ನಿಮ್ಮ ನಗರದ ಸ್ಥಳೀಯ ಸಂಸ್ಥೆಯಲ್ಲೋ ಗ್ರಾಮ ಪಂಚಾಯಿತಿಯಲ್ಲೋ ಕೇಳಿ.

ಜಿಎಸ್‌ಟಿ?

ರಾಜ್ಯದೊಳಗೆ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಊಟ ಬಡಿಸುವುದು, ಕೇಟರಿಂಗ್ ಸೇವೆ ಎನಿಸುತ್ತದೆ, ಅದಕ್ಕೆ 20 ಲಕ್ಷ. ಹೊರರಾಜ್ಯಕ್ಕೆ ಕೊರಿಯರ್‌ನಲ್ಲಿ ಉಪ್ಪಿನಕಾಯಿ ಕಳಿಸಿ ಮಾರುವವರು ಎಚ್ಚರ. ಅಂತರರಾಜ್ಯ ಸರಕು ಮಾರಾಟಕ್ಕೆ ಈ 40 ಲಕ್ಷದ ವಿನಾಯಿತಿ ಇಲ್ಲ.

2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದು ಗಲಾಟೆ ಆದದ್ದು ನೆನಪಿದೆಯಲ್ಲ? ಅದಕ್ಕೆ ಹೆದರಿ ಕ್ಯೂಆರ್ ಕೋಡ್ ಕಿತ್ತು ಹಾಕುವುದು ಬೇಡ. ಮನೆ ಖರ್ಚಿನ ಖಾತೆ, ವ್ಯಾಪಾರದ ಖಾತೆ ಬೇರೆ ಮಾಡಿ. ಮಗ ಕಳಿಸಿದ ದುಡ್ಡು, ಚೀಟಿ ದುಡ್ಡು ಎಲ್ಲ ಮಾರಾಟದ ಲೆಕ್ಕಕ್ಕೆ ಸೇರಿಬಿಟ್ಟರೆ ಬಿಡಿಸಿ ಹೇಳುವುದು ಕಷ್ಟ.

ನೋಂದಣಿ ಇಲ್ಲದೆ ಸಿಕ್ಕಿಬಿದ್ದರೆ ಜೈಲಾ?

ಹೀಗೆ ಹೆದರಿಸುವ ಏಜೆಂಟರು ಇದ್ದಾರೆ. ಲೈಸೆನ್ಸ್ ಬೇಕಾದವರು ಇಲ್ಲದೆ ನಡೆಸಿದರೆ ಮೊದಲು 6 ತಿಂಗಳವರೆಗೆ ಜೈಲು ಇತ್ತು. 2023ರ ಜನ ವಿಶ್ವಾಸ ಕಾಯ್ದೆ ಜೈಲನ್ನು ತೆಗೆದು ದಂಡವನ್ನು 10 ಲಕ್ಷದವರೆಗೆ ಏರಿಸಿತು. ನೋಂದಣಿ ಮಾತ್ರ ಸಾಕಾದ ಸಣ್ಣವರನ್ನು ಆ 63ನೇ ಕಲಂ ತನ್ನಿಂದ ಹೊರಗಿಟ್ಟಿದೆ. ಹಾಗಂತ ಪೂರ್ತಿ ಬಿಡುಗಡೆ ಇಲ್ಲ. ಬೇರೆ ದಂಡ ನಿಗದಿಯಾಗದ ಉಲ್ಲಂಘನೆಗೆ 58ನೇ ಕಲಮಿನಲ್ಲಿ 2 ಲಕ್ಷದವರೆಗೆ ದಂಡ ಇದೆ.

ಕೊಳಕು ಜಾಗದಲ್ಲಿ ತಯಾರಿಸಿದರೆ 1 ಲಕ್ಷ, ತಪ್ಪು ಲೇಬಲ್‌ಗೆ 3 ಲಕ್ಷ, ಕಳಪೆ ಗುಣಮಟ್ಟಕ್ಕೆ 5 ಲಕ್ಷದವರೆಗೆ. ಇವೆಲ್ಲ ಗರಿಷ್ಠ ಮೊತ್ತಗಳು. ತಪ್ಪು ಎಷ್ಟು ಸಲ ಆಗಿದೆ, ಬೇಕೆಂದೇ ಮಾಡಿದ್ದಾ, ಎಷ್ಟು ಲಾಭ ಆಯಿತು ಎಂದೆಲ್ಲ ನೋಡಿ ದಂಡ ನಿರ್ಧರಿಸುವುದು ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ. ತಿಂದವರು ಸತ್ತರೆ, ಅಂಗ ಊನವಾದರೆ ಅದು ನಿಜವಾಗಿ ಕ್ರಿಮಿನಲ್ ಕೇಸು. ಸಾವಿಗೆ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ, ಕುಟುಂಬಕ್ಕೆ ಕನಿಷ್ಠ 5 ಲಕ್ಷ ಪರಿಹಾರ.

ಅಧಿಕಾರಿ ಸುಮ್ನೆ ಕಿರುಕುಳ ಕೊಟ್ಟರೆ ಅವರ ಮೇಲೂ 1 ಲಕ್ಷದವರೆಗೆ ದಂಡ ಹಾಕಲು 39ನೇ ಕಲಂ ಇದೆ. ಸುಳ್ಳು ದೂರು ಕೊಟ್ಟರೆ ನಿಮಗೆ ದಂಡ 50 ಸಾವಿರದಿಂದ ಶುರು. ಸಾಕ್ಷಿ ಇಟ್ಟುಕೊಂಡೇ ಮಾತಾಡಿ.

ಸರ್ಕಾರದ ಸಹಾಯಧನ ಇದೆಯಾ?

2020ರಲ್ಲಿ ಶುರುವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಯಂತ್ರೋಪಕರಣಕ್ಕೆ ಸಾಲದ ಜೊತೆ ಶೇ. 35ರಷ್ಟು, 10 ಲಕ್ಷದವರೆಗೆ ಸಹಾಯಧನ. ಕರ್ನಾಟಕ ಸರ್ಕಾರ ಇನ್ನೂ ಶೇ. 15 ಸೇರಿಸಿ ಒಟ್ಟು ಅರ್ಧಕ್ಕೆ ತಂದಿತು. ಸ್ವಸಹಾಯ ಸಂಘದ ಸದಸ್ಯರಿಗೆ ತಲಾ 40 ಸಾವಿರದವರೆಗೆ ಬೀಜಧನವೂ ಇದೆ. ಜಿಲ್ಲೆಯ ಕೃಷಿ ಜಂಟಿ ನಿರ್ದೇಶಕರ ಕಚೇರಿಯಲ್ಲಿ ಈ ವರ್ಷದ ಅನುದಾನ ವಿಚಾರಿಸಿ. ಸಹಾಯಧನ ಬರುತ್ತದೆ ಎಂದು ಬೇಕಿಲ್ಲದ ದೊಡ್ಡ ಯಂತ್ರಕ್ಕೆ ಸಾಲ ಮಾಡಬೇಡಿ. ಬ್ಯಾಂಕಿನ ಕಂತು ಸಹಾಯಧನಕ್ಕೆ ಕಾಯುವುದಿಲ್ಲ.

ನೋಂದಣಿ ಅತ್ತೆಯ ಹೆಸರಿನಲ್ಲಿದೆ. ಈಗ ಅವರಿಗೆ ಕೈಲಾಗುವುದಿಲ್ಲ. ಸೊಸೆ ಹೆಸರಿಗೆ ಬದಲಾಯಿಸಬಹುದಾ?

ಬದಲಾಯಿಸುವ ಬದಲು ನಿಮ್ಮ ಹೆಸರಿನಲ್ಲಿ ಹೊಸ ಅರ್ಜಿ ಹಾಕಿ. ಖರ್ಚು ನೂರೇ ರೂಪಾಯಿ. ಹೊಸ ಸಂಖ್ಯೆ ಬಂದ ಮೇಲೆ ಅತ್ತೆಯವರದ್ದನ್ನು ಪೋರ್ಟಲ್‌ನಲ್ಲೇ ವಾಪಸ್ ಒಪ್ಪಿಸಿ. ಹಳೆಯ ನಂಬರ್ ಅಚ್ಚಾದ ಕವರ್‌ಗಳು ರಾಶಿ ಉಳಿದಿದ್ದರೆ ಅವನ್ನು ಖಾಲಿ ಮಾಡಿಕೊಂಡೇ ಬದಲಿಸಿ. ಮನೆ ಬದಲಾಯಿಸಿದಾಗಲೂ ಹಾಗೇ, ಹೊಸ ಅಡುಗೆಮನೆಯ ವಿಳಾಸ ಪೋರ್ಟಲ್‌ನಲ್ಲಿ ಸೇರುವ ಮೊದಲು ಅಲ್ಲಿ ಒಲೆ ಹಚ್ಚಿ ಮಾರಾಟ ಶುರು ಮಾಡಬೇಡಿ.